ಪ್ರೈವೇಟ್ ಸ್ಕೂಲಿಗೆ ಸೇರಿಸಿದರೆ ಮಗಳ ಓಟ ಏನಾಗುತ್ತದೆ?

ಪ್ರಶ್ನೆ: ನಮಸ್ಕಾರ ಸರ್. ನಾವು ಟೆಕ್ಸಸ್‌ನ ಡಲ್ಲಾಸ್ ಹತ್ತಿರ ಫ್ರಿಸ್ಕೋದಲ್ಲಿದ್ದೇವೆ. ಮಗಳು ಇಲ್ಲಿನ ಪಬ್ಲಿಕ್ ಸ್ಕೂಲಿನಲ್ಲಿ, ಅಂದರೆ ಸರ್ಕಾರಿ ಶಾಲೆಯಲ್ಲಿ, 8ನೇ ಕ್ಲಾಸು. ಕ್ರಾಸ್ ಕಂಟ್ರಿ (ಹುಲ್ಲು, ಮಣ್ಣಿನ ದಾರಿಯ ದೂರದ ಓಟ) ಓಡುತ್ತಾಳೆ. ಡಿಬೇಟ್ ಅಂದರೆ ಪ್ರಾಣ. ರಾಜ್ಯ ಸರ್ಕಾರ ಈಗ ಪ್ರೈವೇಟ್ ಸ್ಕೂಲ್ ಫೀಸಿಗೆ ದುಡ್ಡು ಕೊಡುತ್ತದೆ ಎಂದು ಕೇಳಿ, ಅವಳನ್ನು 9ಕ್ಕೆ ಒಂದು ಚಿಕ್ಕ ಪ್ರೈವೇಟ್ ಸ್ಕೂಲಿಗೆ ಸೇರಿಸೋಣ ಎಂದುಕೊಂಡಿದ್ದೇವೆ. ಅಲ್ಲಿ ಸೇರಿದ ಮೇಲೂ ಈಗಿನ ಗೆಳತಿಯರ ಜೊತೆ ಯುಐಎಲ್ (ಇಲ್ಲಿನ ಪಬ್ಲಿಕ್ ಸ್ಕೂಲುಗಳ ಸಂಘ) ಸ್ಪರ್ಧೆಗಳಲ್ಲಿ ಇರಬಹುದಾ? ಒಂದು ವರ್ಷ ನೋಡಿ, ಸರಿಹೋಗದಿದ್ದರೆ ವಾಪಸ್ ಬಂದರೆ ತೊಂದರೆ ಆಗುತ್ತಾ? ಶಿವಮೊಗ್ಗದಲ್ಲಿರುವ ನಮ್ಮಣ್ಣ ‘ಇಲ್ಲಿ ಎಲ್ಲ ಶಾಲೆಯವರೂ ಒಟ್ಟಿಗೇ ಓಡ್ತಾರೆ, ಅಲ್ಲೇನು ಬೇರೆ ಇರುತ್ತೆ’ ಅನ್ನುತ್ತಾರೆ. 5ನೇ ಕ್ಲಾಸಿನ ಮಗ ಸ್ಪೆಲ್ಲಿಂಗ್ ಬೀ ಎಂಬ ಇಂಗ್ಲಿಷ್ ಕಾಗುಣಿತ ಸ್ಪರ್ಧೆಗೆ ತಯಾರಿ ಮಾಡುತ್ತಿದ್ದಾನೆ. ಅವನ ಕಥೆ ಏನು?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಯುಐಎಲ್‌ನಲ್ಲಿ ಇರೋಕಾಗಲ್ಲ. ಮಗಳು ಯಾವ ಶಾಲೆಯ ಹಾಜರಿ ಪಟ್ಟಿಯಲ್ಲಿ ಇರುತ್ತಾಳೋ ಆ ಶಾಲೆಯ ತಂಡಕ್ಕೆ ಮಾತ್ರ ಅವಳು ಓಡಬಹುದು. ಆ ಶಾಲೆ ಯುಐಎಲ್ ಸದಸ್ಯ ಅಲ್ಲದಿದ್ದರೆ ಡಿಸ್ಟ್ರಿಕ್ಟ್, ರೀಜನಲ್, ಸ್ಟೇಟ್ ಎಂಬ ಆ ಏಣಿ ಅವಳಿಗೆ ಮುಚ್ಚಿದಂತೆ. ಮನೆ ಅದೇ ಬೀದಿಯಲ್ಲಿರಬಹುದು, ತೆರಿಗೆ ಅದೇ ಸ್ಕೂಲ್ ಡಿಸ್ಟ್ರಿಕ್ಟಿಗೆ (ಆ ಭಾಗದ ಪಬ್ಲಿಕ್ ಸ್ಕೂಲುಗಳನ್ನು ನಡೆಸುವ ಸಂಸ್ಥೆ) ಕಟ್ಟುತ್ತಿರಬಹುದು. ಅದು ಲೆಕ್ಕಕ್ಕೆ ಬರುವುದಿಲ್ಲ. ನೀವು ಹೇಳಿದ ಸರ್ಕಾರದ ದುಡ್ಡು 2025ರ ಮೇ ತಿಂಗಳಲ್ಲಿ ಸಹಿಯಾದ ಕಾನೂನಿನದು. 100 ಕೋಟಿ ಡಾಲರ್ ಇಟ್ಟಿದ್ದಾರೆ, ಅರ್ಜಿ ಹಾಕಿದವರಿಗೆಲ್ಲ ಸಿಗುತ್ತದೆ ಎಂದೇನಿಲ್ಲ. ಅದು ಫೀಸಿನ ಭಾರ ಇಳಿಸುತ್ತದೆ, ಸ್ಪರ್ಧೆಯ ಬಾಗಿಲು ತೆರೆಯುವುದಿಲ್ಲ.

ಹಾಗಂತ ಅವಳ ಓಟ, ಮಾತು ಎರಡೂ ನಿಂತುಹೋಗುತ್ತವೆ ಎಂದು ಅರ್ಥವಲ್ಲ. ಮುಚ್ಚಿರುವುದು ಒಂದು ಬಾಗಿಲು, ತೆರೆದಿರುವುದು ಹಲವು. ಆದರೆ ಯಾವುದು ತೆರೆದಿದೆ ಎಂದು ಶಾಲೆಗೆ ಡೆಪಾಸಿಟ್ ಕಟ್ಟುವ ಮೊದಲೇ ಗೊತ್ತಿರಬೇಕು. ನಾನು ಇಲ್ಲಿ 20 ವರ್ಷದಿಂದ ಹೈಸ್ಕೂಲ್ ಮಕ್ಕಳಿಗೆ ಓಟ ಕಲಿಸುತ್ತಿದ್ದೇನೆ. ಮೊದಲು ಪಬ್ಲಿಕ್ ಸ್ಕೂಲಿನಲ್ಲಿ, ಆಮೇಲೆ ಪ್ರೈವೇಟ್ ಸ್ಕೂಲಿನಲ್ಲಿ. ಜುಲೈ ಕೊನೆಯಲ್ಲಿ ಅಳುಮುಖ ಹಾಕಿಕೊಂಡು ಬರುವ ತಂದೆತಾಯಿ ಪ್ರತಿವರ್ಷ ಸಿಗುತ್ತಾರೆ. ಅವರಲ್ಲಿ ನಮ್ಮ ಕಡೆಯವರೂ ಇರುತ್ತಾರೆ.

ನಿಮ್ಮಣ್ಣ ಹೇಳಿದ್ದು ಸುಳ್ಳಲ್ಲ. ನಮ್ಮಲ್ಲಿ ಶಿಕ್ಷಣ ಇಲಾಖೆಯ ಕ್ರೀಡಾಕೂಟಕ್ಕೆ ಸರ್ಕಾರಿ, ಅನುದಾನಿತ, ಅನುದಾನರಹಿತ ಎಲ್ಲ ಶಾಲೆಯ ಮಕ್ಕಳೂ ಬರುತ್ತಾರೆ. ಪ್ರತಿಭಾ ಕಾರಂಜಿಯೂ ಹಾಗೇ. ನಾನು ಸಾಗರದ ಕಡೆಯವನು, ಸರ್ಕಾರಿ ಹೈಸ್ಕೂಲು. ತಾಲ್ಲೂಕು ಕ್ರೀಡಾಕೂಟದಲ್ಲಿ ಸುಣ್ಣದ ಗೆರೆಯ ಮೇಲೆ ನಾನು ಬರಿಗಾಲಲ್ಲಿ ನಿಂತಿದ್ದೆ. ಪಕ್ಕದಲ್ಲಿ ಕಾನ್ವೆಂಟ್ ಹುಡುಗ, ಬಿಳಿ ಕ್ಯಾನ್ವಾಸ್ ಶೂ. 800 ಮೀಟರಿನಲ್ಲಿ ಅವನು ಮೊದಲು ಬಂದ, ನಾನು ಮೂರನೆಯವನು. ಆಮೇಲೆ ಇಬ್ಬರೂ ಒಂದೇ ನಲ್ಲಿಯಲ್ಲಿ ನೀರು ಕುಡಿದೆವು. ಒಂದೇ ಗೆರೆ ಮೇಲೆ ನಿಲ್ಲುವುದು ಸಹಜ ಎಂದುಕೊಂಡೇ ನಾನೂ ಬೆಳೆದವನು. ಹಾಗಾಗಿ ಇಲ್ಲಿನ ಪದ್ಧತಿ ಮೊದಲ ಸಲ ಕೇಳಿದಾಗ ನನಗೂ ನಂಬಲಾಗಿರಲಿಲ್ಲ.

ಇಲ್ಲಿ ಸ್ಪರ್ಧೆ ನಡೆಸುವುದು ಸರ್ಕಾರದ ಇಲಾಖೆಯಲ್ಲ. ಪ್ರತಿ ರಾಜ್ಯದಲ್ಲೂ ಶಾಲೆಗಳ ಒಂದು ಸಂಘ ಇರುತ್ತದೆ, ಅದು ತನ್ನ ಸದಸ್ಯರಿಗೆ ತಾನೇ ನಿಯಮ ಮಾಡುತ್ತದೆ. ಟೆಕ್ಸಸ್‌ನಲ್ಲಿ ಆ ಸಂಘ ಯುಐಎಲ್, ಅಂದರೆ ಯೂನಿವರ್ಸಿಟಿ ಇಂಟರ್‌ಸ್ಕೊಲಾಸ್ಟಿಕ್ ಲೀಗ್. 1910ರಲ್ಲಿ ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿ ಶುರುವಾಯಿತು. ನಿಮ್ಮ ಮಗಳಿಗೆ ಖುಷಿಯಾಗುವ ವಿಷಯ ಒಂದಿದೆ. ಅದು ಹುಟ್ಟಿದ್ದೇ ಡಿಬೇಟಿಂಗ್ ಲೀಗ್ ಆಗಿ, ಆಟೋಟ ಸೇರಿದ್ದು ಆಮೇಲೆ. ಈಗ ಕ್ರೀಡೆ, ಸಂಗೀತ, ಓದಿಗೆ ಸಂಬಂಧಿಸಿದ ಸ್ಪರ್ಧೆಗಳು ಎಲ್ಲವೂ ಅದರ ಕೆಳಗೆ ಬರುತ್ತವೆ. ಶಾಲೆಯ ಮಕ್ಕಳ ಸಂಖ್ಯೆ ನೋಡಿ 1ಎಯಿಂದ 6ಎವರೆಗೆ ಆರು ಗುಂಪು ಮಾಡುತ್ತಾರೆ. ಅದರ ಸದಸ್ಯರು ಪಬ್ಲಿಕ್ ಸ್ಕೂಲುಗಳು. ಪ್ರೈವೇಟ್ ಸ್ಕೂಲುಗಳಿಗೆ ಬೇರೆ ಸಂಘಗಳಿವೆ. ದೊಡ್ಡದು ಟ್ಯಾಪ್ಸ್, 1978ರಲ್ಲಿ ಆದದ್ದು. ಅದರಲ್ಲೂ ಕ್ರೀಡೆ, ಸಂಗೀತ, ಭಾಷಣ, ಚಿತ್ರಕಲೆ ಎಲ್ಲ ಇವೆ. ಹಳೆಯ, ದುಬಾರಿ ಶಾಲೆಗಳು ಕೆಲವು ಸೇರಿ ಸೌತ್‌ವೆಸ್ಟ್ ಪ್ರಿಪರೇಟರಿ ಕಾನ್ಫರೆನ್ಸ್ ಮಾಡಿಕೊಂಡಿವೆ. ಡಲ್ಲಾಸ್ ಭಾಗದ ಹಾಕಡೇ, ಸೇಂಟ್ ಮಾರ್ಕ್ಸ್, ಗ್ರೀನ್‌ಹಿಲ್ ಅದರಲ್ಲಿವೆ.

‘ಆದರೆ ಜೆಸೂಟ್ ಹುಡುಗರು ಯುಐಎಲ್‌ನಲ್ಲಿ ಆಡ್ತಾರಲ್ಲ’ ಎಂದು ಯಾರಾದರೂ ನಿಮಗೆ ಹೇಳಬಹುದು. ನಿಜ. ಡಲ್ಲಾಸ್‌ನ ಜೆಸೂಟ್, ಹ್ಯೂಸ್ಟನ್‌ನ ಸ್ಟ್ರೇಕ್ ಜೆಸೂಟ್ ಎರಡೂ ಪ್ರೈವೇಟ್. ಅವು ಇದ್ದ ಲೀಗ್ ಮುಚ್ಚಿಹೋಯಿತು. ಟ್ಯಾಪ್ಸ್‌ನಲ್ಲೂ ಜಾಗ ಸಿಗಲಿಲ್ಲ. ಕೊನೆಗೆ ಕೋರ್ಟಿನವರೆಗೆ ಹೋಗಿ, 2003ರಲ್ಲಿ ಯುಐಎಲ್ ಅವುಗಳಿಗೆ ಬಾಗಿಲು ತೆರೆಯಿತು. ಮಕ್ಕಳ ಸಂಖ್ಯೆ ಎಷ್ಟೇ ಇರಲಿ, ಅತಿ ದೊಡ್ಡ ಶಾಲೆಗಳ ಗುಂಪಿನಲ್ಲೇ ಆಡಬೇಕು ಎಂಬ ಷರತ್ತಿನ ಮೇಲೆ. ನಿಯಮದ ತಿರುಳು ಇಷ್ಟು: ಬೇರೆ ಸಮಾನ ಸಂಘಕ್ಕೆ ಸೇರಲು ಅವಕಾಶ ಇರುವ ಪ್ರೈವೇಟ್ ಸ್ಕೂಲಿಗೆ ಇಲ್ಲಿ ಜಾಗ ಇಲ್ಲ. ಸ್ಯಾನ್ ಆಂಟೋನಿಯೋದ ಕಾರ್ನರ್‌ಸ್ಟೋನ್ ಕ್ರಿಶ್ಚಿಯನ್ ಶಾಲೆ ಟ್ಯಾಪ್ಸ್‌ನಿಂದ ಹೊರಬಿದ್ದ ಮೇಲೆ ಯುಐಎಲ್‌ಗೆ ಅರ್ಜಿ ಹಾಕಿತು. ಸಿಗಲಿಲ್ಲ. ಕೋರ್ಟಿಗೆ ಹೋಯಿತು. 2009ರಲ್ಲಿ ಫೆಡರಲ್ ಮೇಲ್ಮನವಿ ಕೋರ್ಟು ಯುಐಎಲ್ ಪರವಾಗಿಯೇ ತೀರ್ಪು ಕೊಟ್ಟಿತು. ಜೆಸೂಟ್ ಶಾಲೆಗಳೆರಡೂ ಗಂಡುಮಕ್ಕಳವು, ನಿಮ್ಮ ಮಗಳಿಗೆ ಹೇಗೂ ಉಪಯೋಗಕ್ಕೆ ಬರುವುದಿಲ್ಲ.

ಯಾಕೆ ಹೀಗೆ? ಪಬ್ಲಿಕ್ ಸ್ಕೂಲಿಗೆ ಒಂದು ಗಡಿ ಇದೆ. ಆ ಗಡಿಯೊಳಗೆ ಯಾರ ಮನೆ ಇದೆಯೋ ಆ ಮಕ್ಕಳೇ ಅದರ ತಂಡ. ಪ್ರೈವೇಟ್ ಸ್ಕೂಲು 30 ಮೈಲಿ ಆಚೆಯಿಂದಲೂ ಮಗುವನ್ನು ಕರೆತರಬಹುದು, ಫೀಸು ಬಿಟ್ಟುಕೊಡಬಹುದು. ಒಂದು ಸಣ್ಣ ಊರಿನ ಕೋಚ್ ತನಗೆ ಸಿಕ್ಕ 11 ಹುಡುಗರನ್ನು ಇಟ್ಟುಕೊಂಡು, ನಾಲ್ಕು ಊರಿಂದ ಆರಿಸಿ ತಂದ 11 ಹುಡುಗರ ಎದುರು ಫುಟ್‌ಬಾಲ್ ಆಡಬೇಕು ಅಂದರೆ ಅವನಿಗೆ ಸಿಟ್ಟು ಬರುವುದು ಸಹಜ ಅಲ್ವಾ? ನಾನು ಪಬ್ಲಿಕ್ ಸ್ಕೂಲಿನಲ್ಲಿದ್ದಾಗ ಆ ಸಿಟ್ಟು ನನಗೂ ಇತ್ತು. ನಮ್ಮೂರಲ್ಲೂ ಕ್ರೀಡಾ ಹಾಸ್ಟೆಲ್ ಮಕ್ಕಳು ಬಂದು ಎಲ್ಲ ಬಹುಮಾನ ಬಾಚಿಕೊಂಡು ಹೋದಾಗ ಹಳ್ಳಿ ಶಾಲೆಯ ಮೇಷ್ಟ್ರು ಇದೇ ಮಾತು ಆಡುತ್ತಿದ್ದರು.

ಟೆನೆಸಿ ರಾಜ್ಯದ್ದು ಇದೇ ಜಗಳ. ಅಲ್ಲಿ ಪಬ್ಲಿಕ್, ಪ್ರೈವೇಟ್ ಎರಡೂ ಒಂದೇ ಸಂಘದಲ್ಲಿವೆ. 1997ರಲ್ಲಿ ನ್ಯಾಶ್‌ವಿಲ್ ಹತ್ತಿರದ ಬ್ರೆಂಟ್‌ವುಡ್ ಅಕಾಡೆಮಿಯ ಫುಟ್‌ಬಾಲ್ ಕೋಚ್, ಮುಂದಿನ ವರ್ಷ ತಮ್ಮಲ್ಲಿಗೆ ಬರಲಿದ್ದ 8ನೇ ಕ್ಲಾಸಿನ ಹುಡುಗರಿಗೆ ‘ಪ್ರಾಕ್ಟೀಸಿಗೆ ಬನ್ನಿ’ ಎಂದು ಒಂದು ಪತ್ರ ಬರೆದರು. ಸಂಘ ಇದನ್ನು ಆಟಗಾರರನ್ನು ಸೆಳೆಯುವ ಪ್ರಯತ್ನ ಎಂದು ದಂಡ ಹಾಕಿತು. ಆ ಒಂದು ಪತ್ರ ಎರಡು ಸಲ ಅಮೆರಿಕದ ಸುಪ್ರೀಂ ಕೋರ್ಟಿಗೆ ಹೋಯಿತು. 2001ರಲ್ಲಿ 5-4ರ ತೀರ್ಪು: ಸಂಘ ಹೆಸರಿಗೆ ಖಾಸಗಿ ಆದರೂ ಸರ್ಕಾರದ ಹಾಗೇ ನಡೆದುಕೊಳ್ಳುತ್ತದೆ, ಆದ್ದರಿಂದ ಸಂವಿಧಾನದ ಕಟ್ಟು ಅದಕ್ಕೂ ಇದೆ. 2007ರಲ್ಲಿ ಎಲ್ಲ ನ್ಯಾಯಾಧೀಶರೂ ಒಮ್ಮತದಿಂದ ಹೇಳಿದ್ದು: ಆದರೂ ಈ ನಿಯಮ ಮಾಡುವ ಹಕ್ಕು ಸಂಘಕ್ಕೆ ಇದೆ, ಸದಸ್ಯನಾಗಿ ಸೇರಿದ ಮೇಲೆ ಪಾಲಿಸಬೇಕು. ಪ್ರೈವೇಟ್ ಸ್ಕೂಲಿನ ತಂದೆತಾಯಿ ‘ಕೋರ್ಟಿಗೆ ಹೋಗ್ತೀವಿ’ ಅಂದಾಗಲೆಲ್ಲ ನಾನು ಈ ಎರಡನೇ ತೀರ್ಪನ್ನು ನೆನಪಿಸುತ್ತೇನೆ.

ಬೇರೆ ರಾಜ್ಯಗಳಲ್ಲಿ ಬೇರೆ ಬೇರೆ ದಾರಿ. ಪೆನ್ಸಿಲ್ವೇನಿಯಾದಲ್ಲಿ 1972ರ ಕಾನೂನು ಪ್ರೈವೇಟ್ ಸ್ಕೂಲುಗಳನ್ನು ಒಳಗೆ ತಂದಿತು. ಇಲಿನಾಯ್‌ನಲ್ಲಿ ಪ್ರೈವೇಟ್ ಸ್ಕೂಲಿನ ಮಕ್ಕಳ ಸಂಖ್ಯೆಯನ್ನು 1.65ರಿಂದ ಗುಣಿಸಿ, ಅದನ್ನು ಇನ್ನೂ ದೊಡ್ಡ ಶಾಲೆಗಳ ಗುಂಪಿಗೆ ಏರಿಸುವ ಲೆಕ್ಕ ತಂದರು. ಓಹಾಯೋ ಒಳ್ಳೆಯ ಕೆಲಸ ಮಾಡಿದೆ: ಪ್ರೈವೇಟ್ ಸ್ಕೂಲಿನಲ್ಲಿ ಒಂದು ಆಟ ಇಲ್ಲದಿದ್ದರೆ, ಮಗು ತನ್ನ ಮನೆ ಇರುವ ಡಿಸ್ಟ್ರಿಕ್ಟಿನ ಪಬ್ಲಿಕ್ ಸ್ಕೂಲ್ ತಂಡಕ್ಕೆ ಆಡಬಹುದು. ಫ್ಲಾರಿಡಾದಲ್ಲೂ ಸಣ್ಣ ಪ್ರೈವೇಟ್ ಸ್ಕೂಲಿನ ಮಕ್ಕಳಿಗೆ ಇಂಥ ಅವಕಾಶ ಇದೆ. ಮನೆಯಲ್ಲೇ ಓದಿಕೊಂಡು ಪಬ್ಲಿಕ್ ಸ್ಕೂಲ್ ತಂಡಕ್ಕೆ ಆಡಿದ ಟಿಮ್ ಟೀಬೋ ಫ್ಲಾರಿಡಾದವರೇ. ಟೆಕ್ಸಸ್‌ನಲ್ಲೂ 2021ರಲ್ಲಿ ಮನೆಯಲ್ಲಿ ಓದುವ ಮಕ್ಕಳಿಗೆ ಕಾನೂನು ಬಂತು, ಅದರಲ್ಲಿ ಆಮೇಲೆ ತಿದ್ದುಪಡಿಯೂ ಆಗಿದೆ. ಆದರೆ ಅದು ಮನೆಪಾಠದ ಮಕ್ಕಳಿಗೆ. ಪ್ರೈವೇಟ್ ಸ್ಕೂಲಿನ ಮಕ್ಕಳಿಗೆ ಅಲ್ಲ. ಇವೆರಡನ್ನೂ ಕಲಸಿಕೊಂಡು ವಾಟ್ಸಾಪ್‌ನಲ್ಲಿ ಏನೇನೋ ಓಡಾಡುತ್ತಿದೆ, ನಂಬಬೇಡಿ.

ನನ್ನ ಮನಸ್ಸಿನಲ್ಲಿರುವುದನ್ನು ಹೇಳಲೇಬೇಕು. ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್‌ಗೆ ಗೋಡೆ ಬೇಕು ಅನ್ನುವವರ ಮಾತು ನನಗೆ ಅರ್ಥವಾಗುತ್ತದೆ. ಓಟಕ್ಕೆ, ಡಿಬೇಟಿಗೆ ಯಾಕೆ ಬೇಕು? 80 ಮಕ್ಕಳಿರುವ ಸಣ್ಣ ಶಾಲೆಯ ಒಬ್ಬ ಹುಡುಗಿ ಒಂಟಿಯಾಗಿ ಬಂದು 5 ಕಿಲೋಮೀಟರ್ ಓಡಿದರೆ ಯಾರ ಪಾಲನ್ನು ಕಿತ್ತುಕೊಂಡ ಹಾಗಾಗುತ್ತದೆ? ಸೆಪ್ಟೆಂಬರಿನಲ್ಲಿ ಒಂದೇ ಹುಲ್ಲಿನ ಮೇಲೆ ಭುಜಕ್ಕೆ ಭುಜ ತಾಗಿಸಿ ಓಡಿದ ಇಬ್ಬರು ಹುಡುಗಿಯರು, ನವೆಂಬರಿನಲ್ಲಿ ಬೇರೆ ಬೇರೆ ಊರಿನಲ್ಲಿ ಬೇರೆ ಬೇರೆ ‘ಸ್ಟೇಟ್ ಚಾಂಪಿಯನ್’ ಆಗುತ್ತಾರೆ. ಯಾರು ಮುಂದೆ ಎಂದು ಆ ಇಬ್ಬರಿಗೂ ತಿಳಿಯುವುದಿಲ್ಲ. ಓಹಾಯೋದಂಥ ನಿಯಮ ಇಲ್ಲಿಗೂ ಬರಬೇಕು. ಶಾಸಕರ ಆಫೀಸಿಗೆ ನಾನು ಪತ್ರ ಬರೆಯುತ್ತಲೇ ಇದ್ದೇನೆ. ನೀವೂ ಬರೆಯಿರಿ.

ಸೆಪ್ಟೆಂಬರ್ ಅಂದೆನಲ್ಲ, ತೆರೆದ ಬಾಗಿಲು ಅಲ್ಲಿಂದಲೇ ಶುರು. ಕ್ರಾಸ್ ಕಂಟ್ರಿ ಸೀಸನ್ ಆಗಸ್ಟ್ ಕೊನೆಗೆ ಆರಂಭವಾಗುತ್ತದೆ. ಡಿಸ್ಟ್ರಿಕ್ಟ್ ಮೀಟ್ ಬರುವ ತನಕ ಪ್ರತಿ ವಾರಾಂತ್ಯ ಇನ್ವಿಟೇಷನಲ್ ಮೀಟ್‌ಗಳು, ಅಂದರೆ ಒಂದು ಶಾಲೆ ಬೇರೆ ಶಾಲೆಗಳನ್ನು ಕರೆದು ನಡೆಸುವ ಸ್ಪರ್ಧೆಗಳು. ಅಲ್ಲಿ ಯುಐಎಲ್ ಶಾಲೆ, ಟ್ಯಾಪ್ಸ್ ಶಾಲೆ ಒಟ್ಟಿಗೇ ಓಡುವುದು ಮಾಮೂಲು. ನಿಮ್ಮ ಮಗಳು ಅದೇ ಗೆಳತಿಯರ ಪಕ್ಕದಲ್ಲೇ ಓಡುತ್ತಾಳೆ, ಜೆರ್ಸಿ ಮಾತ್ರ ಬೇರೆ. ರೌಂಡ್ ರಾಕ್‌ನ ಓಲ್ಡ್ ಸೆಟ್ಲರ್ಸ್ ಪಾರ್ಕಿನಲ್ಲಿ ನಡೆಯುವ ಯುಐಎಲ್ ಸ್ಟೇಟ್ ಮೀಟ್ ಮಾತ್ರ ತಪ್ಪುತ್ತದೆ. ಅದರ ಬದಲು ಟ್ಯಾಪ್ಸ್ ಸ್ಟೇಟ್. ಸೀಸನ್ ಮುಗಿದ ಮೇಲೆ ನೈಕಿ ಕ್ರಾಸ್ ಸ್ಪರ್ಧೆ ಬರುತ್ತದೆ. ಅಲ್ಲಿ ಮಕ್ಕಳು ಶಾಲೆಯ ಹೆಸರಿನಲ್ಲಿ ಅಲ್ಲ, ಕ್ಲಬ್ ಹೆಸರಿನಲ್ಲಿ ಓಡುತ್ತಾರೆ. ಬೇಸಿಗೆಯಲ್ಲಿ ಯುಎಸ್‌ಎ ಟ್ರ್ಯಾಕ್ ಅಂಡ್ ಫೀಲ್ಡ್, ಎಎಯು ಎಂಬ ಎರಡು ಕ್ರೀಡಾ ಸಂಸ್ಥೆಗಳದ್ದೂ ಜೂನಿಯರ್ ಒಲಿಂಪಿಕ್ಸ್ ಇವೆ. ಅಲ್ಲಿ ವಯಸ್ಸು ಕೇಳುತ್ತಾರೆ, ಶಾಲೆ ಕೇಳುವುದಿಲ್ಲ. ಕಾಲೇಜು ಕೋಚುಗಳು ಮೊದಲು ನೋಡುವುದು ಟೈಮಿಂಗ್. ಅದು ಯಾವ ಮೀಟಿನದ್ದಾದರೂ ನಡೆಯುತ್ತದೆ.

ಒಂದು ವಿಷಯ ಮಾತ್ರ ಎಚ್ಚರಿಕೆ. ಕ್ರಾಸ್ ಕಂಟ್ರಿಯಲ್ಲಿ ಏಳು ಜನ ಓಡುತ್ತಾರೆ, ಮೊದಲ ಐದು ಜನರ ಸ್ಥಾನ ಕೂಡಿಸಿ ತಂಡದ ಅಂಕ. ಸಣ್ಣ ಶಾಲೆಯಲ್ಲಿ ಐದು ಹುಡುಗಿಯರೇ ಇಲ್ಲದಿರಬಹುದು. ಆಗ ಮಗಳು ಒಬ್ಬಳೇ ಓಡಬಹುದು, ತಂಡದ ಪದಕ ಇಲ್ಲ. ಹೀಗೆ ಸೇರಿದ ಒಂದು ಕುಟುಂಬ ನನಗೆ ಗೊತ್ತು. ಅಡ್ಮಿಷನ್ ಆಫೀಸಿನಲ್ಲಿ ‘ನಮ್ಮ ಮಕ್ಕಳು ಎಲ್ಲ ಸ್ಪರ್ಧೆಗೂ ಹೋಗ್ತಾರೆ’ ಅಂದಿದ್ದರಂತೆ. ಹೋಗಿ ನೋಡಿದರೆ ಕೋಚ್ ಪಾರ್ಟ್‌ಟೈಮ್, ಓಡುವವರು ಇಬ್ಬರು. ಬೆಳಗ್ಗೆ ಆರಕ್ಕೆ ಒಬ್ಬಳೇ ಪ್ರಾಕ್ಟೀಸ್ ಮಾಡಿ ಮಾಡಿ ಆ ಹುಡುಗಿ ಡಿಸೆಂಬರ್ ಹೊತ್ತಿಗೆ ಓಟವನ್ನೇ ಬಿಟ್ಟಳು. ನನಗೆ ಇವತ್ತಿಗೂ ಅದು ಬೇಜಾರು. ಆದ್ದರಿಂದ ಅಡ್ಮಿಷನ್‌ನವರನ್ನು ಕೇಳಬೇಡಿ. ಕೋಚ್ ಹತ್ತಿರವೇ ಮಾತಾಡಿ. ಹೋದ ವರ್ಷ ಯಾವ ಯಾವ ಮೀಟ್‌ಗೆ ಹೋದಿರಿ, ಎಷ್ಟು ಹುಡುಗಿಯರು ಕೊನೆಯವರೆಗೂ ಉಳಿದರು ಎಂದು ಕೇಳಿ. ಸಾಧ್ಯವಾದರೆ ಒಂದು ದಿನ ಪ್ರಾಕ್ಟೀಸ್ ನೋಡಿಬನ್ನಿ.

ಡಿಬೇಟ್ ವಿಷಯದಲ್ಲಿ ನಿಮಗೆ ಒಳ್ಳೆಯ ಸುದ್ದಿ. ಯುಐಎಲ್ ಡಿಬೇಟ್ ತಪ್ಪುತ್ತದೆ, ನಿಜ. ಆದರೆ ಟೆಕ್ಸಸ್ ಫೊರೆನ್ಸಿಕ್ ಅಸೋಸಿಯೇಷನ್ ಅಂತ ಇದೆ (ಫೊರೆನ್ಸಿಕ್ ಅಂದರೆ ಇಲ್ಲಿ ಭಾಷಣ, ಡಿಬೇಟ್). ಎಲ್ಲರೂ ಟಿಎಫ್‌ಎ ಅನ್ನುತ್ತಾರೆ. ಅದರಲ್ಲಿ ಪಬ್ಲಿಕ್, ಪ್ರೈವೇಟ್ ಭೇದ ಇಲ್ಲ. ವರ್ಷವಿಡೀ ಟೂರ್ನಮೆಂಟ್‌ಗಳಲ್ಲಿ ಪಾಯಿಂಟ್ ಗಳಿಸಿ ಟಿಎಫ್‌ಎ ಸ್ಟೇಟ್‌ಗೆ ಹೋಗಬಹುದು. 1925ರಿಂದ ಇರುವ ನ್ಯಾಷನಲ್ ಸ್ಪೀಚ್ ಅಂಡ್ ಡಿಬೇಟ್ ಅಸೋಸಿಯೇಷನ್ನಿನ ಸ್ಪರ್ಧೆಗಳೂ ಎರಡಕ್ಕೂ ತೆರೆದಿವೆ. ನಿಮ್ಮ ಮನೆಯಿಂದ ಅರ್ಧ ಗಂಟೆಯ ದಾರಿಯಲ್ಲಿರುವ ಗ್ರೀನ್‌ಹಿಲ್, ಸೇಂಟ್ ಮಾರ್ಕ್ಸ್ ಎರಡೂ ಪ್ರೈವೇಟ್ ಶಾಲೆಗಳು. ಅವು ನಡೆಸುವ ಟೂರ್ನಮೆಂಟ್‌ಗಳಿಗೆ ದೇಶದ ಎಲ್ಲ ಕಡೆಯಿಂದ ಪಬ್ಲಿಕ್ ಸ್ಕೂಲ್ ಮಕ್ಕಳೂ ಬರುತ್ತಾರೆ. ಹಾಗಾಗಿ ಡಿಬೇಟ್‌ನಲ್ಲಿ ಗೋಡೆ ತೆಳು. ಇಲ್ಲಿ ಕೇಳಬೇಕಾದದ್ದು ಒಂದೇ: ಹೊಸ ಶಾಲೆ ಈ ಸಂಘಗಳ ಸದಸ್ಯನಾ, ವಾರಾಂತ್ಯದಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗುವ ಡಿಬೇಟ್ ಕೋಚ್ ಇದ್ದಾರಾ? ಇಲ್ಲದಿದ್ದರೆ ಬಾಗಿಲು ತೆರೆದಿದ್ದೂ ಪ್ರಯೋಜನ ಇಲ್ಲ.

ಈಗ ವಾಪಸ್ ಬರುವ ವಿಷಯ. ಇದನ್ನು ನಿಧಾನವಾಗಿ ಓದಿ, ಜಾಸ್ತಿ ಜನ ಎಡವುವುದು ಇಲ್ಲೇ.

ಒಂದು ವರ್ಷ ಪ್ರೈವೇಟ್ ಸ್ಕೂಲಿಗೆ ಓಡಿ, 10ನೇ ಕ್ಲಾಸಿಗೆ ಪಬ್ಲಿಕ್ ಸ್ಕೂಲಿಗೆ ಬಂದರೆ, ವಾರ್ಸಿಟಿ ತಂಡಕ್ಕೆ, ಅಂದರೆ ಶಾಲೆಯ ಮುಖ್ಯ ತಂಡಕ್ಕೆ, ಸೇರುವ ಮೊದಲು ಒಂದು ಫಾರಂ ತುಂಬಬೇಕು. ಪಿಎಪಿಎಫ್ ಅನ್ನುತ್ತಾರೆ. ಹಿಂದೆ ಎಲ್ಲಿ ಆಡಿದ್ದೆ, ಯಾಕೆ ಬಿಟ್ಟೆ, ಮನೆ ಎಲ್ಲಿದೆ ಎಂಬ ವಿವರ ಅದರಲ್ಲಿ. ನೀವೂ ಹಳೆಯ ಶಾಲೆಯವರೂ ಹೊಸ ಶಾಲೆಯವರೂ ಅದರಲ್ಲಿ ಉತ್ತರ ಕೊಡಬೇಕು. ‘ಈ ಹುಡುಗಿ ಕ್ರೀಡೆಗೋಸ್ಕರವೇ ಶಾಲೆ ಬದಲಿಸಿದಳು’ ಎಂದು ಡಿಸ್ಟ್ರಿಕ್ಟ್ ಸಮಿತಿಗೆ ಅನಿಸಿದರೆ ಒಂದು ವರ್ಷ ವಾರ್ಸಿಟಿ ಇಲ್ಲ. ಕೆಳಗಿನ ತಂಡದಲ್ಲಿ ಓಡಬಹುದು ಅಷ್ಟೇ. ನಿಮ್ಮ ಮನೆ ಆ ಶಾಲೆಯ ಗಡಿಯೊಳಗೇ ಇದ್ದು, ಕಾರಣ ಓದು ಅಥವಾ ಫೀಸು ಆಗಿದ್ದರೆ ಹೆದರಬೇಕಿಲ್ಲ. ಆದರೆ ಹಳೆಯ ಕೋಚ್ ಜೊತೆ ಜಗಳ ಮಾಡಿಕೊಂಡು, ‘ಅಲ್ಲಿ ಟೀಮ್ ಚೆನ್ನಾಗಿಲ್ಲ, ಅದಕ್ಕೇ ಬಿಡಿಸ್ತಿದೀವಿ’ ಎಂದು ಇಮೇಲ್ ಬರೆದು ಬರಬೇಡಿ. ಆ ಇಮೇಲ್ ಫಾರಂ ಜೊತೆಗೇ ಬರುತ್ತದೆ. ಈ ಫಾರಂ ಕ್ರೀಡೆಗೆ ಮಾತ್ರ. ಡಿಬೇಟಿಗೆ ಈ ತಲೆಬಿಸಿ ಇಲ್ಲ.

ಇನ್ನೊಂದು. ಕೆಲವು ಪ್ರೈವೇಟ್ ಸ್ಕೂಲುಗಳು ಅಡ್ಮಿಷನ್ ಸಮಯದಲ್ಲಿ ‘ಮಗು ಚಿಕ್ಕದು, ಅದೇ ಕ್ಲಾಸನ್ನು ಇನ್ನೊಂದು ವರ್ಷ ಓದಲಿ’ ಅನ್ನುತ್ತವೆ. 8ನೇ ಕ್ಲಾಸಾದರೆ, ಕಾರಣ ಕ್ರೀಡೆ ಅಲ್ಲದಿದ್ದರೆ, ನಿಮ್ಮಿಷ್ಟ. 9ನ್ನು ಎರಡು ಸಲ ಓದಿಸುವ ಮಾತು ಬಂದರೆ ಮಾತ್ರ ಜೋಪಾನ. ಯುಐಎಲ್‌ನಲ್ಲಿ 9ನೇ ಕ್ಲಾಸಿಗೆ ಮೊದಲ ಸಲ ಕಾಲಿಟ್ಟ ದಿನದಿಂದ ನಾಲ್ಕು ವರ್ಷ ಎಣಿಸುತ್ತಾರೆ. ಎರಡು ಸಲ ಓದಿ ಆಮೇಲೆ ಪಬ್ಲಿಕ್ ಸ್ಕೂಲಿಗೆ ಬಂದರೆ, 12ನೇ ಕ್ಲಾಸಿನಲ್ಲಿ, ಅವಳ ಕಾಲು ಅತ್ಯಂತ ಗಟ್ಟಿಯಾಗಿರುವ ವರ್ಷದಲ್ಲಿ, ಅವಳು ಬೇಲಿಯ ಹೊರಗೆ ನಿಲ್ಲಬೇಕಾಗುತ್ತದೆ. ವಯಸ್ಸಿನ ಮಿತಿ ಬೇರೆ ಇದೆ, ಸೆಪ್ಟೆಂಬರ್ 1ಕ್ಕೆ 19 ತುಂಬಿರಬಾರದು. ಟ್ಯಾಪ್ಸ್‌ಗೂ ತನ್ನದೇ ವರ್ಗಾವಣೆ ನಿಯಮ ಇದೆ, ಒಂದು ಪ್ರೈವೇಟ್‌ನಿಂದ ಇನ್ನೊಂದು ಪ್ರೈವೇಟ್‌ಗೆ ಹೋಗುವಾಗ ಅದನ್ನೂ ಕೇಳಿ.

ಹಬ್ಬ, ವ್ರತ ಎಂದು ಶನಿವಾರದ ಸ್ಪರ್ಧೆ ತಪ್ಪುವ ಚಿಂತೆ ನಮ್ಮ ಮನೆಗಳಲ್ಲಿ ಇರುತ್ತದೆ. ಅದಕ್ಕೆ ಒಂದು ಘಟನೆ ಹೇಳುತ್ತೇನೆ. 2012ರಲ್ಲಿ ಹ್ಯೂಸ್ಟನ್‌ನ ಬೆರೆನ್ ಅಕಾಡೆಮಿ ಎಂಬ ಯಹೂದಿ ಶಾಲೆಯ ಬ್ಯಾಸ್ಕೆಟ್‌ಬಾಲ್ ತಂಡ ಟ್ಯಾಪ್ಸ್ ಸೆಮಿಫೈನಲ್‌ಗೆ ಬಂತು. ಪಂದ್ಯ ಶುಕ್ರವಾರ ರಾತ್ರಿ. ಆ ಹೊತ್ತಿಗೆ ಅವರ ಸಬ್ಬತ್, ಅಂದರೆ ವಾರದ ಪವಿತ್ರ ವಿಶ್ರಾಂತಿಯ ದಿನ, ಶುರುವಾಗಿರುತ್ತದೆ, ಆಡುವಂತಿಲ್ಲ. ಸಮಯ ಬದಲಿಸಲು ಸಂಘ ಮೊದಲು ಒಪ್ಪಲಿಲ್ಲ. ಕುಟುಂಬಗಳು ಕೋರ್ಟಿಗೆ ಹೋದವು. ಸಂಘ ಮಣಿಯಿತು, ಪಂದ್ಯ ಮಧ್ಯಾಹ್ನಕ್ಕೆ ಬಂತು. ಹುಡುಗರು ಗೆದ್ದರು, ಶನಿವಾರ ಸೂರ್ಯ ಮುಳುಗಿದ ಮೇಲೆ ಫೈನಲ್ ಆಡಿ ಸ್ವಲ್ಪದರಲ್ಲಿ ಸೋತರು. ಟ್ಯಾಪ್ಸ್‌ನಲ್ಲಿ ಜಾಸ್ತಿ ಶಾಲೆಗಳು ಕ್ರಿಶ್ಚಿಯನ್ ಶಾಲೆಗಳು. ನಿಮಗೆ ಮುಖ್ಯವಾದ ದಿನಗಳಿದ್ದರೆ ಸೀಸನ್ನಿನ ಆರಂಭದಲ್ಲೇ ಕೋಚ್‌ಗೆ ಪಟ್ಟಿ ಕೊಡಿ. ಕೇಳಿದರೆ ಹೊಂದಿಸುತ್ತಾರೆ, ನನ್ನ ಅನುಭವದಲ್ಲಿ ಬಹುತೇಕ ಕೋಚುಗಳು ಒಳ್ಳೆಯವರು.

ಒಟ್ಟಿನಲ್ಲಿ ನಿಮ್ಮ ಜಾಗದಲ್ಲಿ ನಾನಿದ್ದರೆ, ಮಗಳನ್ನೇ ಕೇಳುತ್ತಿದ್ದೆ: ‘ನಿನಗೆ ಬೇಕಿರುವುದು ಓಟವಾ, ಈ ಗೆಳತಿಯರ ಜೊತೆಗಿನ ಓಟವಾ?’ ಮೊದಲನೆಯದಾದರೆ ಒಳ್ಳೆಯ ಕೋಚ್ ಇರುವ ಪ್ರೈವೇಟ್ ಸ್ಕೂಲಿನಲ್ಲಿ ಅವಳಿಗೆ ಏನೂ ಕಡಿಮೆಯಾಗುವುದಿಲ್ಲ. ಎರಡನೆಯದಾದರೆ ಅದಕ್ಕೆ ಬದಲಿ ಇಲ್ಲ. 14ರ ವಯಸ್ಸಿನಲ್ಲಿ ತಂಡ ಅಂದರೆ ಮನೆಯ ಹಾಗೆ. ಸುಮ್ನೆ ಫೀಸಿನ ಲೆಕ್ಕಕ್ಕೆ ಅದನ್ನು ಬಿಡಿಸಬೇಡಿ.

ಮಗನ ವಿಷಯ ಸುಲಭ. ಸ್ಕ್ರಿಪ್ಸ್ ಸ್ಪೆಲ್ಲಿಂಗ್ ಬೀ 1925ರಿಂದ ನಡೆಯುತ್ತಿದೆ. ಪಬ್ಲಿಕ್, ಪ್ರೈವೇಟ್, ಮನೆಪಾಠ ಯಾವುದಾದರೂ ಸರಿ, 8ನೇ ಕ್ಲಾಸಿನವರೆಗೆ ಭಾಗವಹಿಸಬಹುದು. 2018ರ ಚಾಂಪಿಯನ್ ನಿಮ್ಮ ಪಕ್ಕದ ಮೆಕಿನ್ನಿಯ ಹುಡುಗ, 2025ರ ಚಾಂಪಿಯನ್ ಅಲೆನ್‌ನವನು. ಆದರೆ ಶಾಲೆ ಪ್ರತಿವರ್ಷ ಸ್ಕ್ರಿಪ್ಸ್‌ನಲ್ಲಿ ಹೆಸರು ನೋಂದಾಯಿಸಿ, ಫೀಸು ಕಟ್ಟಿ, ತನ್ನಲ್ಲಿ ಬೀ ನಡೆಸಬೇಕು. ಸಣ್ಣ ಶಾಲೆಗಳು ಇದನ್ನು ಮರೆಯುವುದುಂಟು. ಶಾಲೆ ಶುರುವಾದ ಮೊದಲ ವಾರವೇ ಆಫೀಸಿನಲ್ಲಿ ಕೇಳಿ, ಮಾಡಿಲ್ಲ ಅಂದರೆ ನೀವೇ ಕೂತು ಮಾಡಿಸಿ. ಇದರ ಜೊತೆಗೆ ನಾರ್ತ್ ಸೌತ್ ಫೌಂಡೇಷನ್ನಿನ ಬೀಗಳೂ ಇವೆ. ಭಾರತದ ಬಡ ವಿದ್ಯಾರ್ಥಿಗಳಿಗೆ ಸ್ಕಾಲರ್‌ಶಿಪ್ ಕೊಡಲು 1989ರಲ್ಲಿ ಶುರುವಾದ ಸಂಸ್ಥೆ ಅದು, ಡಲ್ಲಾಸ್ ಭಾಗದಲ್ಲಿ ತುಂಬಾ ಮಕ್ಕಳು ಸೇರುತ್ತಾರೆ. ಅಭ್ಯಾಸಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಅವನನ್ನು ಈ ವರ್ಷವೇ ಕರೆದುಕೊಂಡು ಹೋಗಿ.